ಎರವಲು ಹೆಸರಿನಲ್ಲಿ ಬಾಳಿದ ಚಂದ್ರಮಾರ್ಗದರ್ಶಿ

ಗಣಕಯಂತ್ರದ ಪರದೆಯ ಮೇಲೆ ರಾಕೆಟ್ಟುಗಳನ್ನು ಕಟ್ಟಿ ಚಂದ್ರನಿಗೆ ಕಳುಹಿಸುವ ಆಟವೊಂದು ಈಚಿನ ತರುಣರಲ್ಲಿ ಬಳಕೆಗೆ ಬಂದಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ತಂತಮ್ಮ ಮನೆಗಳಲ್ಲಿಯೇ ಕಂಡಿರಬಹುದು. ಆ ಆಟದಲ್ಲಿ ತೊಡಗಿದ ಹುಡುಗನು ಮೊದಲು ಮಾಡುವ ತಪ್ಪು ಬಹುಮಟ್ಟಿಗೆ ಒಂದೇ. ಭೂಮಿಯಿಂದ ಹೊರಟ ನೌಕೆಯನ್ನು ಇಡಿಯಾಗಿ ಚಂದ್ರನ ನೆಲಕ್ಕಿಳಿಸಿ, ಇಡಿಯಾಗಿ ಮೇಲೆತ್ತಿ, ಇಡಿಯಾಗಿ ಮನೆಗೆ ತರಲು ಅವನು ಹವಣಿಸುತ್ತಾನೆ. ಇಂಧನ ಸಾಲುವುದಿಲ್ಲ; ಇಂಧನವನ್ನು ಹೆಚ್ಚಿಸಿದರೆ ತೂಕ ಹೆಚ್ಚುವುದು; ತೂಕ ಹೆಚ್ಚಿದರೆ ಅದನ್ನು ಎತ್ತುವುದಕ್ಕೆ ಮತ್ತಷ್ಟು ಇಂಧನ ಬೇಕಾಗುವುದು. ಹತ್ತು ಸಲ ಸೋತ ಮೇಲೆ, ನೌಕೆಗಳು ಎರಡಿರಬೇಕೆಂಬ ಸತ್ಯವು ಅವನಿಗೆ ಹೊಳೆಯುವುದು. ಈ ಸತ್ಯವನ್ನು ಯಾವ ಯಂತ್ರದ ನೆರವೂ ಇಲ್ಲದೆ, ನೂರು ವರ್ಷಗಳಿಗೂ ಹಿಂದೆ, ನೋಟುಪುಸ್ತಕದಲ್ಲಿ ಲೆಕ್ಕ ಹಾಕಿ ಕಂಡುಕೊಂಡ ಪುರುಷನೊಬ್ಬನಿದ್ದನು. ಲೋಕವು ಆತನನ್ನು ಯೂರಿ ಕೊಂದ್ರಾತ್ಯುಕನೆಂದು ಬಲ್ಲದು. ಆದರೆ ಅದು ಆತನ ಹೆಸರಲ್ಲ.

ಆತನ ನಿಜವಾದ ಹೆಸರು ಅಲೆಕ್ಸಾಂದರ್ ಷರ್ಗೇಯ್. ಆಗ ರಷ್ಯದ ಚಕ್ರಾಧಿಪತ್ಯಕ್ಕೆ ಸೇರಿದ್ದ ಉಕ್ರೇನಿನ ಪೊಲ್ತಾವಾ ಪಟ್ಟಣದಲ್ಲಿ 1897ರಲ್ಲಿ ಜನಿಸಿದನು. ತಾಯಿಯು ಮನೋವ್ಯಾಧಿಗೆ ಗುರಿಯಾದಳು. ತಂದೆಯು 1910ರಲ್ಲಿ ತೀರಿಕೊಂಡನು. ಅಜ್ಜಿಯ ಆಶ್ರಯದಲ್ಲಿ ಬೆಳೆದ ಬಾಲಕನು 1916ರಲ್ಲಿ ಬೆಳ್ಳಿಯ ಪದಕದೊಡನೆ ಶಾಲೆಯನ್ನು ಮುಗಿಸಿ, ಪೆತ್ರೊಗ್ರಾದಿನ ತಾಂತ್ರಿಕ ವಿದ್ಯಾಲಯವನ್ನು ಸೇರಿದನು. ಆದರೆ ಕೆಲವೇ ತಿಂಗಳುಗಳಲ್ಲಿ ಮಹಾಯುದ್ಧವು ಆತನನ್ನು ತರಗತಿಯಿಂದ ಎಳೆದು, ಕೆಳದರ್ಜೆಯ ಸೇನಾಧಿಕಾರಿಯನ್ನಾಗಿ ಮಾಡಿ, ತುರ್ಕಿಯ ಗಡಿಯ ರಣರಂಗಕ್ಕೆ ಕಳುಹಿಸಿತು. ಆ ವರ್ಷಗಳಲ್ಲಿ ತುಂಬಿಸಿದ ನೋಟುಪುಸ್ತಕಗಳಲ್ಲಿ ಆತನು ಬರೆದುದು ಗ್ರಹಯಾನದ ಗಣಿತವನ್ನು. ಈ ಶಾಸ್ತ್ರಕ್ಕೆ ತಳಹದಿ ಹಾಕಿದ ತ್ಸಿಯೊಲ್ಕೊವ್‌ಸ್ಕಿಯ ಲೇಖನಗಳನ್ನು ಕಾಣುವ ಮೊದಲೇ, ರಾಕೆಟ್ಟಿನ ಮೂಲಸೂತ್ರವನ್ನು ತಾನೇ ಸಾಧಿಸಿಕೊಂಡಿದ್ದನು.

ಆತನ ಮುಖ್ಯ ವಿಚಾರವನ್ನು ತಿಳಿಯಲು ನಮ್ಮ ಕರಾವಳಿಯ ಹಳೆಯ ಬಂದರುಗಳನ್ನು ನೆನೆದರೆ ಸಾಕು. ದೊಡ್ಡ ಹಡಗು ಆಳವಾದ ನೀರಿನಲ್ಲಿ ಲಂಗರು ಹಾಕಿ ನಿಲ್ಲುವುದು. ಜನರೂ ಸರಕೂ ಚಿಕ್ಕ ದೋಣಿಗಳಲ್ಲಿ ದಡಕ್ಕೆ ಹೋಗಿಬರುವುದು. ಹಾಗೆಯೇ ಮುಖ್ಯ ನೌಕೆಯು ಚಂದ್ರನ ಸುತ್ತ ಕಕ್ಷೆಯಲ್ಲಿ ಸುತ್ತುತ್ತಿರಲಿ. ಹಗುರವಾದ ಚಿಕ್ಕ ನೌಕೆಯೊಂದೇ ನೆಲಕ್ಕಿಳಿದು, ಮರಳಿ ಮೇಲೇರಿ, ಮುಖ್ಯ ನೌಕೆಯನ್ನು ಕೂಡಿಕೊಳ್ಳಲಿ ಎಂಬುದೇ ಆತನ ಯೋಜನೆ. ಚಂದ್ರನ ಸಮೀಪದ ಕಕ್ಷೆಯಲ್ಲಿ ಸುತ್ತುವ ವಸ್ತುವಿನ ವೇಗವು ಸೆಕೆಂಡಿಗೆ ಸುಮಾರು 1.6 ಕಿಲೋಮೀಟರು. ಅಲ್ಲಿ ಗಾಳಿಯಿಲ್ಲದ ಕಾರಣ, ಇಳಿಯುವಾಗ ಈ ವೇಗವನ್ನೆಲ್ಲ ಇಂಧನವನ್ನು ಸುಟ್ಟೇ ಕಳೆಯಬೇಕು. ಏರುವಾಗ ಇಂಧನವನ್ನು ಸುಟ್ಟೇ ಗಳಿಸಬೇಕು. ಮನೆಗೆ ಮರಳುವ ಇಂಧನವನ್ನೂ, ಭೂಮಿಯ ವಾಯುಮಂಡಲದ ತಾಪವನ್ನು ತಡೆಯುವ ಭಾರವಾದ ಕವಚವನ್ನೂ ಸುಮ್ಮನೆ ಕೆಳಗೆ ಹೊತ್ತೊಯ್ದು ಮತ್ತೆ ಮೇಲಕ್ಕೆ ಹೊರುವುದು ವ್ಯರ್ಥವಲ್ಲವೆ? ಬೇಡವಾದುದನ್ನು ಮೇಲೆಯೇ ಬಿಟ್ಟರೆ, ಉಳಿದ ಒಂದೊಂದು ಮಣದ ತೂಕಕ್ಕೂ ಭೂಮಿಯಿಂದ ಹೊರಡುವಾಗ ಅನೇಕ ಮಣಗಳ ಇಂಧನ ಉಳಿಯುವುದು.

ಇಂತಹ ಬುದ್ಧಿಯುಳ್ಳವನಿಗೆ ಆತನ ಕಾಲವು ಕೊಟ್ಟುದೇನು? ಕ್ರಾಂತಿಯ ಬಳಿಕ ಅಂತರ್ಯುದ್ಧವು ಹೊತ್ತಿಕೊಂಡಾಗ, ಬೊಲ್ಶೆವಿಕರ ವಿರೋಧಿಗಳಾದ ಶ್ವೇತಸೇನೆಯವರು ಆತನನ್ನು ತಮ್ಮ ಪಡೆಗೆ ಸೇರಿಸಿಕೊಂಡರು. ಆತನು ತಪ್ಪಿಸಿಕೊಂಡು ಬಂದನು. ಆದರೆ ಹಿಂದೆ ಅಧಿಕಾರಿಯಾಗಿದ್ದವನು, ವಿರೋಧಿಗಳ ಸೇನೆಯಲ್ಲಿದ್ದವನು ಎಂಬೆರಡು ಸಂಗತಿಗಳೇ ಹೊಸ ಸರಕಾರದ ಕಣ್ಣಿನಲ್ಲಿ ಪ್ರಾಣಕ್ಕೆ ಕುತ್ತು ತರಲು ಸಾಕಾಗಿದ್ದುವು. 1921ರಲ್ಲಿ ಕ್ಷಯರೋಗದಿಂದ ತೀರಿಕೊಂಡ ಯೂರಿ ಕೊಂದ್ರಾತ್ಯುಕನೆಂಬ ವಿದ್ಯಾರ್ಥಿಯ ಕಾಗದಪತ್ರಗಳನ್ನು ಮಲತಾಯಿಯು ಹೇಗೋ ದೊರಕಿಸಿ ಕೊಟ್ಟಳು. ಅಂದಿನಿಂದ ಅಲೆಕ್ಸಾಂದರ್ ಷರ್ಗೇಯ್ ಎಂಬವನು ಲೋಕದಿಂದ ಅಳಿಸಿಹೋದನು. ಸತ್ತವನು ಬದುಕಿದನು, ಬದುಕಿದ್ದವನು ಸತ್ತನು.

ಮುಂದಿನ ವರ್ಷಗಳಲ್ಲಿ ಆತನು ಸಕ್ಕರೆಯ ಕಾರಖಾನೆಯಲ್ಲಿಯೂ ಧಾನ್ಯದ ಉಗ್ರಾಣಗಳಲ್ಲಿಯೂ ಯಂತ್ರಗಾರನಾಗಿ ದುಡಿದನು. ದುಡಿಮೆಯ ಬಿಡುವಿನಲ್ಲಿ ತಿದ್ದಿ ಸಿದ್ಧಪಡಿಸಿದ ಗ್ರಂಥವನ್ನು ಮಾಸ್ಕೋವಿಗೆ ಕಳುಹಿಸಿದಾಗ, ವೆಚಿಂಕಿನ್ ಎಂಬ ಪಂಡಿತನು ಅದನ್ನು ಮೆಚ್ಚಿದನಾದರೂ, ಸರಕಾರದ ಕಡೆಯಿಂದ ಪ್ರಕಟಣೆಯ ಭಾಗ್ಯವು ಅದಕ್ಕೆ ಬರಲಿಲ್ಲ. ಕೊನೆಗೆ 1929ರಲ್ಲಿ ಸೈಬೀರಿಯದ ನೊವೊಸಿಬಿರ್ಸ್ಕಿನಲ್ಲಿ ತನ್ನ ಸ್ವಂತ ಹಣದಿಂದ 2,000 ಪ್ರತಿಗಳನ್ನು ಅಚ್ಚುಹಾಕಿಸಿದನು. ಗ್ರಹಾಂತರ ಆಕಾಶದ ವಿಜಯವೆಂಬುದೇ ಅದರ ಹೆಸರು.

ಅದೇ ಕಾಲಕ್ಕೆ ಕಾಮೆನ್ ಎಂಬ ಊರಿನಲ್ಲಿ ಸುಮಾರು 13,000 ಟನ್ನು ಧಾನ್ಯ ಹಿಡಿಯುವ ಮರದ ಉಗ್ರಾಣವನ್ನು ಆತನು ಕಟ್ಟಿಸಿದನು. ಕಬ್ಬಿಣಕ್ಕೆ ಅಭಾವವಿದ್ದುದರಿಂದ ಮೊಳೆಗಳನ್ನು ಬಳಸದೆ ಅದನ್ನು ನಿಲ್ಲಿಸಿದನು. ಈ ಜಾಣತನವೇ ಅಪರಾಧವಾಯಿತು! ಕಟ್ಟಡವು ಕುಸಿಯಲೆಂದೇ ಹಾಗೆ ಕಟ್ಟಿದನೆಂದು ಆರೋಪಿಸಿ, 1930ರಲ್ಲಿ ಆತನನ್ನು ಸೆರೆಹಿಡಿದರು. ಮೂರು ವರ್ಷಗಳ ಶಿಕ್ಷೆಯಾಯಿತು. ಸೆರೆಯಲ್ಲಿದ್ದ ತಜ್ಞರಿಗೆಂದೇ ಏರ್ಪಡಿಸಿದ್ದ ಕಚೇರಿಯಲ್ಲಿ ಕಲ್ಲಿದ್ದಲ ಗಣಿಗಳ ನಕ್ಷೆಗಳನ್ನು ಬರೆಯುವ ಕೆಲಸಕ್ಕೆ ಆತನನ್ನು ಹಾಕಿದರು. ಕುಸಿಯುವುದೆಂದು ಅಧಿಕಾರಿಗಳು ತೀರ್ಮಾನಿಸಿದ್ದ ಉಗ್ರಾಣವಾದರೋ ಆರು ದಶಕಗಳಿಗೂ ಮಿಕ್ಕಿ ನಿಂತಿದ್ದು, ಕಡೆಗೆ ಬೆಂಕಿಗೆ ಆಹುತಿಯಾಯಿತು. ತಮಗೆ ತಿಳಿಯದುದನ್ನೆಲ್ಲ ದ್ರೋಹವೆಂದು ಬಗೆಯುವ ಅಧಿಕಾರವರ್ಗಕ್ಕೆ ಇದಕ್ಕಿಂತ ತಕ್ಕ ಉತ್ತರವುಂಟೆ?

ಬಿಡುಗಡೆಯಾದ ಮೇಲೆ ಕ್ರಿಮಿಯದ ಆಯ್‌ಪೆತ್ರಿ ಬೆಟ್ಟದ ಮೇಲೆ ಗಾಳಿಯ ಬಲದಿಂದ 12,000 ಕಿಲೋವಾಟ್ ವಿದ್ಯುಚ್ಛಕ್ತಿಯನ್ನು ತೆಗೆಯುವ ಮಹಾಯಂತ್ರದ ಯೋಜನೆಗೆ ಕೈಹಾಕಿದನು. ಮಂತ್ರಿ ಒರ್ಜೊನಿಕಿದ್ಜೆಯು ಅದಕ್ಕೆ ಬೆಂಬಲವಾಗಿದ್ದನು. 1937ರಲ್ಲಿ ಅವನು ಮಡಿಯಲು ಯೋಜನೆಯೂ ನಿಂತುಹೋಯಿತು. ಆ ಗೋಪುರದ ಕೆಲಸದಲ್ಲಿ ಜೊತೆಗಿದ್ದ ನಿಕಿತಿನ್ ಎಂಬ ಶಿಲ್ಪಿಯೇ ಮುಂದೆ ಮಾಸ್ಕೋವಿನಲ್ಲಿ 540 ಮೀಟರ್ ಎತ್ತರದ ಒಸ್ತಾನ್ಕಿನೊ ಗೋಪುರವನ್ನು ರಚಿಸಿದನು. ಇದರ ನಡುವೆ, ಮುಂದೆ ರಷ್ಯದ ರಾಕೆಟ್ಟುಗಳ ಮಹಾಶಿಲ್ಪಿಯೆನಿಸಿದ ಕೊರೊಲ್ಯೋವನು ತನ್ನ ಸಂಸ್ಥೆಯನ್ನು ಸೇರಲು ಆತನಿಗೆ ಕರೆ ಕೊಟ್ಟಿದ್ದನು. ಜೀವಮಾನವೆಲ್ಲ ಕಾದುಕೊಂಡಿದ್ದ ಕೆಲಸವು ಬಾಗಿಲಿಗೆ ಬಂದು ನಿಂತಿತ್ತು. ಆದರೆ ಸೇನೆಯ ಸಂಬಂಧವುಳ್ಳ ಆ ಕೆಲಸಕ್ಕೆ ಸೇರಿದರೆ ಪೂರ್ವಚರಿತ್ರೆಯ ವಿಚಾರಣೆ ನಡೆಯುವುದು. ಹೆಸರಿನ ಗುಟ್ಟು ಹೊರಬೀಳುವುದು. ಆತನು ಒಲ್ಲೆನೆಂದನು. ಆತನ ಜೀವನದಲ್ಲಿ ಇದಕ್ಕಿಂತ ದೊಡ್ಡ ದುರಂತವು ನಮಗೆ ಕಾಣದು.

1941ರಲ್ಲಿ ಜರ್ಮನರು ದಂಡೆತ್ತಿ ಬಂದಾಗ, ನಲವತ್ತು ದಾಟಿದ್ದ ಈ ಪುರುಷನು ಮಾಸ್ಕೋವಿನ ಜನಸೇನೆಗೆ ತಾನಾಗಿಯೇ ಸೇರಿ, ಸುದ್ದಿ ಸಾಗಿಸುವ ದಳದಲ್ಲಿ ದುಡಿದನು. 1942ರ ಫೆಬ್ರವರಿಯಲ್ಲಿ ಅರ್ಯೋಲ್ ಪ್ರಾಂತದ ರಣರಂಗದಲ್ಲಿ ಆತನ ಬಾಳು ಮುಗಿಯಿತು. ತನ್ನ ಹೆಸರನ್ನು ಹೇಳಲು ಬಿಡದ ದೇಶಕ್ಕಾಗಿ, ಮತ್ತೊಬ್ಬನ ಹೆಸರಿನಲ್ಲಿ, ಪ್ರಾಣವನ್ನು ಕೊಟ್ಟನು.

ಇಪ್ಪತ್ತು ವರ್ಷಗಳು ಕಳೆದುವು. ಅಮೇರಿಕದಲ್ಲಿ ಚಂದ್ರಯಾತ್ರೆಯ ವಿಧಾನವನ್ನು ಕುರಿತು ತೀವ್ರ ವಾದವಿವಾದ ನಡೆಯಿತು. ಎರಡು ನೌಕೆಗಳು ಚಂದ್ರನ ಕಕ್ಷೆಯಲ್ಲಿ ಸಂಧಿಸುವ ಮಾರ್ಗವೇ ಸಾಧುವೆಂದು ಜಾನ್ ಹೌಬೋಲ್ಟ್ ಎಂಬ ಎಂಜಿನಿಯರನು 1961ರಲ್ಲಿ ಮೇಲಧಿಕಾರಿಗಳನ್ನೆಲ್ಲ ದಾಟಿ ನೇರವಾಗಿ ಉನ್ನತಾಧಿಕಾರಿಗೆ ಪತ್ರ ಬರೆದನು. ಅಲ್ಲಿ ಆ ಪತ್ರವನ್ನು ದ್ರೋಹವೆನ್ನಲಿಲ್ಲ, ಓದಿ ವಿಚಾರಿಸಿದರು. 1962ರ ಜುಲೈಯಲ್ಲಿ ಅದೇ ಮಾರ್ಗವು ಅಂಗೀಕೃತವಾಯಿತು. 1969ರ ಜುಲೈಯಲ್ಲಿ ಕಾಲಿನ್ಸನು ಮುಖ್ಯ ನೌಕೆಯಲ್ಲಿ ಸುತ್ತುತ್ತಿರಲು, ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಎಂಬಿಬ್ಬರು ಚಿಕ್ಕ ನೌಕೆಯಲ್ಲಿ ನೆಲಕ್ಕಿಳಿದು ಮರಳಿದರು. ಮಲತಂಗಿಯು ಗುಟ್ಟನ್ನು ಬಿಚ್ಚಿ ಹೇಳಿದುದು 1977ರಲ್ಲಿ. ಚಂದ್ರನ ಆಚೆಯ ಮಗ್ಗುಲಲ್ಲಿರುವ ಒಂದು ಕುಳಿಗೆ ಇಂದು ಕೊಂದ್ರಾತ್ಯುಕನ ಹೆಸರಿದೆ. ಅದೂ ಎರವಲು ಹೆಸರೇ.

ನಮ್ಮ ದೇಶವೂ ಈ ಹಾದಿಯನ್ನು ಹಿಡಿದಿರುವುದು. 2023ರ ಆಗಸ್ಟಿನಲ್ಲಿ ವಿಕ್ರಮವು ಚಂದ್ರನ ಮೇಲಿಳಿದಾಗ, ಅದನ್ನು ಹೊತ್ತೊಯ್ದ ಭಾಗವು ಮೇಲೆ ಕಕ್ಷೆಯಲ್ಲಿಯೇ ಉಳಿದಿತ್ತು. 2025ರ ಜನವರಿಯಲ್ಲಿ ನಮ್ಮ ಎರಡು ಉಪಗ್ರಹಗಳು ಭೂಮಿಯ ಕಕ್ಷೆಯಲ್ಲಿ ಒಂದನ್ನೊಂದು ಕೂಡಿಕೊಂಡುವು. ಈ ಎರಡು ಕಾರ್ಯಗಳಿಗೂ ಬೆಂಗಳೂರಿನಿಂದಲೇ ಆಜ್ಞೆಗಳು ಹೋದುವೆಂಬುದು ನಮಗೆ ಹೆಮ್ಮೆಯ ಮಾತು. ಆದರೆ ಹೆಮ್ಮೆಯೊಂದೇ ಸಾಲದು. ಕಚೇರಿಗಳಲ್ಲಿ ಕುಳಿತು ಇನ್ನೊಬ್ಬರ ಅರ್ಜಿಗಳಿಗೆ ಸಹಿ ಹಾಕುವ ನಮ್ಮ ವಾಚಕರು ಒಂದನ್ನು ಮನಗಾಣಬೇಕು. ಮೇಜಿನ ಮೇಲೆ ಬಂದ ವಿಚಿತ್ರವಾದ ಕಾಗದವನ್ನು ಬರೆದವನ ಕುಲಗೋತ್ರಗಳನ್ನು ಕೇಳುವ ಮೊದಲು, ಅದರಲ್ಲಿರುವ ಲೆಕ್ಕವು ಸರಿಯೋ ತಪ್ಪೋ ಎಂಬುದನ್ನು ನೋಡುವುದು ಧರ್ಮ. ಅಂಜಿಕೆಯಿಲ್ಲದೆ ತನ್ನ ಹೆಸರನ್ನು ಹೇಳಬಲ್ಲ ನಾಡಿನಲ್ಲಿಯೇ ಬುದ್ಧಿವಂತನು ತನ್ನ ಪೂರ್ಣಶಕ್ತಿಯಿಂದ ದುಡಿಯಬಲ್ಲನು.