ನಜೀಬುಲ್ಲಾ: ಸೇನೆ ಹೊರಟ ಮೇಲೂ ಮೂರು ವರ್ಷ ನಿಂತವನು

2021ರ ಆಗಸ್ಟ್ ನಮಗೆಲ್ಲ ನೆನಪಿದೆ. ಕಾಬೂಲಿನಲ್ಲಿ ಹೊರಟ ವಿಮಾನದ ಹಿಂದೆ ಜನ ಓಡುತ್ತಿದ್ದ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ತಾಲಿಬಾನ್ ಕಾಬೂಲಿಗೆ ಕಾಲಿಟ್ಟಿದ್ದು ಆಗಸ್ಟ್ 15ರಂದು, ಅಮೆರಿಕದ ಕೊನೆಯ ಸೈನಿಕ ವಿಮಾನ ಹತ್ತಿದ್ದು ಆಗಸ್ಟ್ 30ರಂದು. ಅಂದರೆ ವಿದೇಶಿ ಸೇನೆ ಪೂರ್ತಿ ಹೋಗುವ ಮೊದಲೇ ಸರ್ಕಾರ ಬಿದ್ದುಹೋಗಿತ್ತು.

ಇದಕ್ಕೂ 32 ವರ್ಷ ಮೊದಲು ಅದೇ ದೇಶದಿಂದ ಸೋವಿಯತ್ ಸೇನೆ ಹೊರಟಿತ್ತು. ಆಗಲೂ ಸರ್ಕಾರ ಕೆಲವೇ ತಿಂಗಳಲ್ಲಿ ಬೀಳುತ್ತದೆ ಅಂತ ಬಹುತೇಕ ಎಲ್ಲರೂ ಲೆಕ್ಕ ಹಾಕಿದ್ದರು. ಅದು ಬೀಳಲು ಮೂರು ವರ್ಷ ಹಿಡಿಯಿತು. ಆಗಿನ ಅಧ್ಯಕ್ಷನ ಹೆಸರು ನಜೀಬುಲ್ಲಾ. ಆತನ ಬದುಕನ್ನು ಒಮ್ಮೆ ನೋಡೋಣ ಬನ್ನಿ.

ನಜೀಬುಲ್ಲಾ ಹುಟ್ಟಿದ್ದು 1947ರ ಆಗಸ್ಟಿನಲ್ಲಿ, ಕಾಬೂಲಿನಲ್ಲಿ. ಮನೆತನ ಪಕ್ತಿಯಾ ಪ್ರಾಂತ್ಯದ ಪಶ್ತೂನರದ್ದು, ಅಹ್ಮದ್‌ಜೈ ಕುಲ. ಹಬೀಬಿಯಾ ಹೈಸ್ಕೂಲಿನಲ್ಲಿ ಓದಿ, ಕಾಬೂಲ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯಕ್ಕೆ ಸೇರಿದ. 1975ರಲ್ಲಿ ಡಿಗ್ರಿ ಕೈಗೆ ಬಂತು, ಆದರೆ ಮನಸ್ಸು ಅಷ್ಟರಲ್ಲಾಗಲೇ ರಾಜಕೀಯದಲ್ಲಿತ್ತು. 1965ರಲ್ಲೇ ಆತ ಕಮ್ಯುನಿಸ್ಟ್ ಪಕ್ಷ ಸೇರಿ, ಅದರ ಪರ್ಚಮ್ ಬಣದಲ್ಲಿ ಗುರುತಿಸಿಕೊಂಡಿದ್ದ. ಭಾರಿ ಮೈಕಟ್ಟಿನ ಆಳು, ಜನ ಎತ್ತು ಅಂತಲೇ ಅಡ್ಡಹೆಸರಿಟ್ಟಿದ್ದರು. ದೇವರ ಹೆಸರು ಬೇಡವೆಂದು ಆ ದಿನಗಳಲ್ಲಿ ಬರೀ ನಜೀಬ್ ಎಂದು ಕರೆಸಿಕೊಳ್ಳುತ್ತಿದ್ದ.

1978ರಲ್ಲಿ ಪಕ್ಷ ಅಧಿಕಾರ ಹಿಡಿಯಿತು. ಆದರೆ ಒಳಜಗಳದಲ್ಲಿ ಎದುರು ಬಣದ ಕೈ ಮೇಲಾಗಿ, ನಜೀಬನನ್ನು ರಾಯಭಾರಿ ಮಾಡಿ ಇರಾನಿಗೆ ಸಾಗಹಾಕಿದರು. ಸ್ವಲ್ಪ ದಿನಕ್ಕೆ ಆ ಹುದ್ದೆಯೂ ಹೋಯಿತು. 1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಒಳನುಗ್ಗಿ ಬಬ್ರಕ್ ಕರ್ಮಾಲ್‌ನನ್ನು ಗದ್ದುಗೆಗೆ ಕೂರಿಸಿದ ಮೇಲೆ ಆತ ವಾಪಸ್ ಬಂದ. ಸಿಕ್ಕಿದ್ದು 'ಖಾದ್' ಎಂಬ ಗುಪ್ತಚರ ಸಂಸ್ಥೆಯ ಮುಖ್ಯಸ್ಥನ ಕುರ್ಚಿ. ಕೆಜಿಬಿಯ ನೆರಳಿನಲ್ಲಿ ಆತ ಅದನ್ನು ದೊಡ್ಡದಾಗಿ ಬೆಳೆಸಿದ. ಸಾವಿರಾರು ಜನರನ್ನು ಬಂಧಿಸಿ ಚಿತ್ರಹಿಂಸೆ ಕೊಟ್ಟ ಸಂಸ್ಥೆ ಅದು. ಈ ಅಧ್ಯಾಯವನ್ನು ಬಿಟ್ಟು ಆತನ ಕಥೆ ಹೇಳಿದರೆ ಅದು ಅರ್ಧ ಸುಳ್ಳಾಗುತ್ತದೆ.

1986ರಲ್ಲಿ ಮಾಸ್ಕೋ ಕರ್ಮಾಲ್‌ನನ್ನು ಇಳಿಸಿ ನಜೀಬನನ್ನು ಪಕ್ಷದ ನಾಯಕನನ್ನಾಗಿ ಮಾಡಿತು. ಮರುವರ್ಷ ಆತ ಅಧ್ಯಕ್ಷನೂ ಆದ. ಗೋರ್ಬಚೆವ್‌ಗೆ ಆ ಯುದ್ಧ ಸಾಕಾಗಿಹೋಗಿತ್ತು. ಸೇನೆ ಹೋದ ಮೇಲೆ ಉಳಿಯಬೇಕಾದರೆ ವೇಷ ಬದಲಿಸಲೇಬೇಕು ಅನ್ನೋದು ನಜೀಬನಿಗೂ ಅರ್ಥವಾಗಿತ್ತು. ರಾಷ್ಟ್ರೀಯ ರಾಜಿ ಎಂಬ ನೀತಿ ತಂದು ಬಂಡುಕೋರರಿಗೆ ಕದನವಿರಾಮ ಘೋಷಿಸಿದ. 1987ರ ಹೊಸ ಸಂವಿಧಾನದಲ್ಲಿ ಇಸ್ಲಾಂ ದೇಶದ ಧರ್ಮವಾಯಿತು, ಬೇರೆ ಪಕ್ಷಗಳಿಗೂ ಅವಕಾಶ ಸಿಕ್ಕಿತು. ನಜೀಬ್ ಮತ್ತೆ ನಜೀಬುಲ್ಲಾ ಆದ. ಮುಜಾಹಿದೀನ್ ನಾಯಕರು ಮಾತ್ರ ಇದ್ಯಾವುದನ್ನೂ ನಂಬಲಿಲ್ಲ. ಖಾದ್‌ನ ಹಳೇ ಮುಖ್ಯಸ್ಥ ರಾಜಿ ಅಂದರೆ ಯಾರು ತಾನೇ ನಂಬುತ್ತಾರೆ?

1988ರ ಏಪ್ರಿಲಿನಲ್ಲಿ ಜಿನೀವಾ ಒಪ್ಪಂದವಾಯಿತು. 1989ರ ಫೆಬ್ರವರಿ 15ರಂದು ಜನರಲ್ ಗ್ರೋಮೋವ್ ಹೈರತಾನ್ ಬಳಿ ಅಮು ದರಿಯಾ ನದಿಯ ಸೇತುವೆಯನ್ನು ನಡೆದು ದಾಟಿದ. ಅಲ್ಲಿಗೆ ಸೇನೆಯ ವಾಪಸಾತಿ ಮುಗಿಯಿತು. ಕಾಬೂಲಿನ ಅಮೆರಿಕನ್ ರಾಯಭಾರ ಕಚೇರಿ ಅದಕ್ಕೆ ಮೊದಲೇ ಬಾಗಿಲು ಹಾಕಿಕೊಂಡಿತ್ತು.

ಮಾರ್ಚಿನಲ್ಲಿ ಪಾಕಿಸ್ತಾನದ ಬೆಂಬಲದೊಂದಿಗೆ ಮುಜಾಹಿದೀನ್ ಜಲಾಲಾಬಾದ್ ಮೇಲೆ ಬಿದ್ದರು. ಶರಣಾದ ಸರ್ಕಾರಿ ಸೈನಿಕರಲ್ಲಿ ಕೆಲವರನ್ನು ಅವರು ಕೊಂದುಹಾಕಿದ್ದರಿಂದ ಉಳಿದವರು ಶರಣಾಗುವ ಯೋಚನೆಯನ್ನೇ ಬಿಟ್ಟು ಹೋರಾಡಿದರು. ತಿಂಗಳುಗಟ್ಟಲೆ ಕಾದರೂ ಊರು ಬೀಳಲಿಲ್ಲ. 1990ರಲ್ಲಿ ಸ್ವಂತ ರಕ್ಷಣಾ ಮಂತ್ರಿ ತನಾಯ್ ದಂಗೆಯೆದ್ದ. ಅದನ್ನೂ ನಜೀಬುಲ್ಲಾ ಹತ್ತಿಕ್ಕಿದ.

ಹಾಗಾದರೆ ಆತ ನಿಂತಿದ್ದು ಯಾವುದರ ಮೇಲೆ? ಇಂಜಿನಿಯರಿಂಗ್ ಓದುವ ನಮಗೆ ಈ ಪ್ರಶ್ನೆ ಮುಖ್ಯ ಅನ್ನಿಸುತ್ತದೆ. ಹೈರತಾನ್‌ನಿಂದ ಕಾಬೂಲಿಗೆ ಬರುವ ದಾರಿ ಹಿಂದೂಕುಷ್ ಪರ್ವತವನ್ನು ಸಲಾಂಗ್ ಸುರಂಗದಲ್ಲಿ ದಾಟುತ್ತದೆ. 3,000 ಮೀಟರಿಗೂ ಮೇಲೆ, ಸುಮಾರು 2.6 ಕಿಲೋಮೀಟರ್ ಉದ್ದದ ಈ ಸುರಂಗವನ್ನು 1964ರಲ್ಲಿ ಸೋವಿಯತ್ ಇಂಜಿನಿಯರುಗಳು ಕಟ್ಟಿ ಮುಗಿಸಿದ್ದರು. ಸೈನಿಕರು ವಾಪಸ್ ಹೋದ ಮೇಲೂ ಇದೇ ದಾರಿಯಲ್ಲಿ ಲಾರಿಗಳಲ್ಲಿ, ಜೊತೆಗೆ ವಿಮಾನಗಳಲ್ಲಿ ಡೀಸೆಲ್, ಗೋಧಿಹಿಟ್ಟು, ಮದ್ದುಗುಂಡು ಬರುತ್ತಲೇ ಇದ್ದವು. ಸ್ಕಡ್ ಕ್ಷಿಪಣಿಗಳೂ ಬಂದವು. ಸೇನೆಗೆ ಸಂಬಳ, ಹಳ್ಳಿಗಾಡಿನ ಪುಡಿ ಸೇನಾನಾಯಕರಿಗೆ ದುಡ್ಡು ಕೊಟ್ಟು ಆತ ಎಲ್ಲರನ್ನೂ ಹಿಡಿದಿಟ್ಟುಕೊಂಡಿದ್ದ.

1991ರ ಆಗಸ್ಟಿನಲ್ಲಿ ಮಾಸ್ಕೋದಲ್ಲಿ ದಂಗೆಯ ಪ್ರಯತ್ನ ನಡೆಯಿತು. ಮುಂದಿನ ತಿಂಗಳೇ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎರಡೂ ಕಡೆಯವರಿಗೆ ಶಸ್ತ್ರ ಕೊಡುವುದನ್ನು 1992ರ ಜನವರಿ 1ರಿಂದ ನಿಲ್ಲಿಸಲು ಒಪ್ಪಿಕೊಂಡವು. ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಇಂಧನ ಬರಿದಾಗಿ ವಾಯುಸೇನೆ ನೆಲಕಚ್ಚಿತು. ಕೊಡಲು ಕೈಯಲ್ಲಿ ಏನೂ ಇಲ್ಲದ ಹೊತ್ತಿನಲ್ಲೇ ನಜೀಬುಲ್ಲಾ ಹೈರತಾನ್‌ನ ಸೇನಾಧಿಕಾರಿಯನ್ನು ಬದಲಿಸಲು ಹೋಗಿ ಉತ್ತರದವರನ್ನು ಕೆರಳಿಸಿದ. ಉಜ್ಬೆಕ್ ಸೇನಾನಾಯಕ ದೋಸ್ತುಮ್ ತಿರುಗಿಬಿದ್ದ. ಮಾರ್ಚಿನಲ್ಲಿ ಮಜಾರ್-ಎ-ಷರೀಫ್ ಕೈಬಿಟ್ಟಿತು. ಮೂರು ವರ್ಷ ನಿಂತ ಸರ್ಕಾರ ಆಸರೆ ತಪ್ಪಿದ ನಾಲ್ಕೇ ತಿಂಗಳಿಗೆ ಕುಸಿಯಿತು.

ವಿಶ್ವಸಂಸ್ಥೆಯ ಯೋಜನೆಯಂತೆ ಅಧಿಕಾರ ಬಿಡಲು ಆತ ಒಪ್ಪಿಕೊಂಡಿದ್ದ. ಹೆಂಡತಿ ಮಕ್ಕಳು ಆಗಲೇ ದೆಹಲಿ ಸೇರಿದ್ದರು. 1992ರ ಏಪ್ರಿಲ್ ಮಧ್ಯದ ಒಂದು ರಾತ್ರಿ ಆತನೂ ವಿಮಾನ ನಿಲ್ದಾಣಕ್ಕೆ ಹೊರಟ. ಕಾವಲಿದ್ದ ದೋಸ್ತುಮ್ ಕಡೆಯವರು ಒಳಗೆ ಬಿಡಲಿಲ್ಲ. ಗಾಡಿ ತಿರುಗಿಸಿ ವಿಶ್ವಸಂಸ್ಥೆಯ ಕಚೇರಿಯ ಆವರಣಕ್ಕೆ ಬಂದವನು ನಾಲ್ಕೂವರೆ ವರ್ಷ ಅಲ್ಲೇ ಉಳಿದ. ಹೊರಗೆ ಗೆದ್ದವರು ತಮ್ಮತಮ್ಮಲ್ಲೇ ಹೊಡೆದಾಡಿಕೊಂಡು ಕಾಬೂಲನ್ನು ಪುಡಿ ಮಾಡುತ್ತಿದ್ದರು. ಒಳಗೆ ಆತ ಅಫ್ಘಾನಿಸ್ತಾನದಲ್ಲಿ ರಷ್ಯಾ, ಬ್ರಿಟನ್ ನಡೆಸಿದ ಪೈಪೋಟಿಯ ಬಗೆಗಿನ ಇಂಗ್ಲಿಷ್ ಪುಸ್ತಕವೊಂದನ್ನು ಪಶ್ತೋಗೆ ಅನುವಾದಿಸುತ್ತಿದ್ದನಂತೆ.

1996ರ ಸೆಪ್ಟೆಂಬರ್ 27ರಂದು ತಾಲಿಬಾನ್ ಕಾಬೂಲ್ ಹಿಡಿಯಿತು. ಆತನನ್ನೂ ತಮ್ಮ ಶಾಪುರ್‌ನನ್ನೂ ಎಳೆದೊಯ್ದು ಕೊಂದು, ಆರಿಯಾನಾ ವೃತ್ತದಲ್ಲಿ ಕಂಬಕ್ಕೆ ನೇತುಹಾಕಿದರು. ಆತನಿಗೆ ಆಗ 49 ವರ್ಷ.

ಇವತ್ತು ಆತನನ್ನು ಮೆಚ್ಚುವ ಅಫ್ಘನ್ನರೂ ಇದ್ದಾರೆ. ಖಾದ್‌ನ ಜೈಲಿನಲ್ಲಿ ಮನೆಯವರನ್ನು ಕಳೆದುಕೊಂಡವರೂ ಇದ್ದಾರೆ. ಇಬ್ಬರ ನೆನಪೂ ನಿಜವೇ. ನಾವು ಗಮನಿಸಬೇಕಾದ ವಿಷಯ ಇನ್ನೊಂದಿದೆ. 2021ರಲ್ಲಿ ಅಮೆರಿಕದ ಸೈನಿಕರ ಜೊತೆಗೆ ಅಫ್ಘನ್ ವಾಯುಸೇನೆಯ ವಿಮಾನಗಳನ್ನು ರಿಪೇರಿ ಮಾಡುತ್ತಿದ್ದ ಗುತ್ತಿಗೆಯವರೂ ಹೊರಟುಬಿಟ್ಟಿದ್ದರು. ಹಾರಬೇಕಾದ ವಿಮಾನಗಳಲ್ಲಿ ಎಷ್ಟೋ ನಿಂತಲ್ಲೇ ನಿಂತವು. ಹಾಗಾಗಿ ಯಾವುದೇ ದೇಶದಿಂದ ವಿದೇಶಿ ಸೇನೆ ವಾಪಸ್ ಹೋಗುವ ಸುದ್ದಿ ಓದುವಾಗ ಎಷ್ಟು ಸಾವಿರ ಸೈನಿಕರು ಹೊರಟರು ಅಂತ ಮಾತ್ರ ಎಣಿಸಿದರೆ ಸಾಲದು. ಉಳಿದವರಿಗೆ ಮುಂದಿನ ತಿಂಗಳ ಸಂಬಳ, ಡೀಸೆಲ್, ಬಿಡಿಭಾಗ ಎಲ್ಲಿಂದ ಬರುತ್ತದೆ ಅನ್ನೋದನ್ನೂ ಕೇಳಬೇಕು.