ಗುಡಾರದಲ್ಲಿ ಕುಳಿತ ಕಲೆಕ್ಟರು: ಥಾಮಸ್ ಮನ್ರೋ

ಅನಂತಪುರ, ಬಳ್ಳಾರಿ, ಕಡಪ ಸೀಮೆಗಳಲ್ಲಿ ಒಂದು ಕಾಲಕ್ಕೆ ಗಂಡುಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುವ ರೂಢಿಯಿತ್ತು. ಕಂದಾಯ ವಸೂಲಿಗೆಂದು ಬಂದ ಪರದೇಶದ ಅಧಿಕಾರಿಯೊಬ್ಬನ ಹೆಸರು ರೈತರ ಮನೆಯ ತೊಟ್ಟಿಲವರೆಗೆ ಹೇಗೆ ಬಂತು ಎಂಬ ಪ್ರಶ್ನೆಯೇ ಈ ಬರಹಕ್ಕೆ ಪ್ರೇರಣೆ. ಗಡಿನಾಡಿನ ಕನ್ನಡಿಗರಾದ ನಮಗೆ ಇನ್ನೊಂದು ಕಾರಣವೂ ಉಂಟು. ಹೊಸೂರಿಗೆ ಸಮೀಪದ ಬಾರಾಮಹಲು, ಅಂದು ಕೆನರಾ ಜಿಲ್ಲೆಗೆ ಸೇರಿದ್ದ ಬೇಕಲ, ಆದೋನಿ, ರಾಯದುರ್ಗ, ಮಡಕಶಿರಾ ಮತ್ತು ಸೊಲ್ಲಾಪುರ ಇವೆಲ್ಲವೂ ಒಬ್ಬನೇ ಮನುಷ್ಯನ ಜೀವನದಲ್ಲಿ ಒಂದಾದ ಮೇಲೊಂದರಂತೆ ಬಂದು ಹೋಗಿವೆ.

ಥಾಮಸ್ ಮನ್ರೋ 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜನಿಸಿದರು. ತಂದೆ ವ್ಯಾಪಾರದಲ್ಲಿ ನಷ್ಟ ಹೊಂದಿದ ಬಳಿಕ 1780ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಅತ್ಯಂತ ಕೆಳಗಿನ ದರ್ಜೆಯಲ್ಲಿ ಮದ್ರಾಸಿಗೆ ಬಂದಿಳಿದರು. ಹೈದರಾಲಿಯ ವಿರುದ್ಧದ ಯುದ್ಧದಲ್ಲಿ ಪಾಲ್ಗೊಂಡರು. 1792ರಲ್ಲಿ ಬಾರಾಮಹಲು ಕಂಪನಿಯ ವಶವಾದಾಗ ಅಲೆಗ್ಸಾಂಡರ್ ರೀಡ್ ಎಂಬವರ ಸಹಾಯಕರಾಗಿ ಅಲ್ಲಿಗೆ ಹೋಗಿ, ಏಳು ವರ್ಷ ಹಳ್ಳಿಹಳ್ಳಿ ತಿರುಗಿ ಭೂಕಂದಾಯದ ಕೆಲಸ ಕಲಿತರು. ಮಧ್ಯವರ್ತಿಗಳಿಲ್ಲದೆ ಸರಕಾರವು ನೇರವಾಗಿ ಒಬ್ಬೊಬ್ಬ ರೈತನೊಡನೆ ಲೆಕ್ಕ ಇತ್ಯರ್ಥಪಡಿಸಿಕೊಳ್ಳುವ ರೈತವಾರಿ ಪದ್ಧತಿಯ ಬೀಜ ಬಿದ್ದದ್ದು ಅಲ್ಲಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾಕ್ಕೆ ನಿಯುಕ್ತರಾದರು. ಆ ಮಳೆಯ ನಾಡು ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ. ವರ್ಗಾವಣೆಯನ್ನು ಬೇಡಿಯೇ ಅಲ್ಲಿಂದ ಹೊರಟರು. ಕರಾವಳಿಯ ಓದುಗರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು.

1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಸೀಮೆ, ಅಂದರೆ ಇಂದಿನ ಬಳ್ಳಾರಿ, ಅನಂತಪುರ, ಕಡಪ ಮತ್ತು ಕರ್ನೂಲಿನ ಭಾಗಗಳು, ಅವರ ಕೈಗೆ ಬಂತು. ಎಂಬತ್ತರಷ್ಟು ಪಾಳೆಯಗಾರರು, ಅವರವರ ಪಡೆಗಳು, ಸುಲಿಗೆಯಿಂದ ಬರಿದಾದ ಊರುಗಳು. ಸೈನ್ಯದ ನೆರವಿನಿಂದ ಪಾಳೆಯಗಾರರನ್ನು ಅಡಗಿಸಿದ ರೀತಿ ಕಠೋರವಾಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ತಮ್ಮ ಕೈಕೆಳಗಿನವರನ್ನು ಅವರು ನಡೆಸಿಕೊಂಡ ಬಗೆಯು ನಮ್ಮ ಗಮನಕ್ಕೆ ಹೆಚ್ಚು ಯೋಗ್ಯವಾದುದು.

ಅವರಿಗೆ ನಾಲ್ವರು ಉಪಕಲೆಕ್ಟರರಿದ್ದರು. ಅವರಲ್ಲೊಬ್ಬರು ವಿಲಿಯಂ ಥ್ಯಾಕರೆ. 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ಹತನಾದ ಥ್ಯಾಕರೆಯ ಸಹೋದರ ಇವರು. ಸಹಾಯಕರನ್ನು ಬಿಸಿಲಿಗೆ ಕಳಿಸಿ ತಾವು ಬಂಗಲೆಯಲ್ಲಿ ಕುಳಿತವರಲ್ಲ ಮನ್ರೋ. ವರ್ಷಗಟ್ಟಲೆ ಗುಡಾರದಲ್ಲೇ ವಾಸವಿದ್ದು, ರೈತರು, ಗೌಡರು, ಕರಣಿಕರು ಹೊತ್ತಿಲ್ಲದ ಹೊತ್ತಿನಲ್ಲಿ ಬಂದು ಅಹವಾಲು ಹೇಳಿದರೂ ಕೇಳುತ್ತಿದ್ದರು. ತಾನು ಪಡದ ಶ್ರಮವನ್ನು ಇನ್ನೊಬ್ಬನಿಂದ ಕೇಳದವನ ಮಾತಿಗೆ ತೂಕ ತಾನಾಗಿ ಬರುತ್ತದೆ.

1802ರಲ್ಲಿ ಭೂಮಾಪನ ಆರಂಭವಾಯಿತು. ಮೂವತ್ತಮೂರು ಅಡಿಯ ಸರಪಳಿ. ಅದರ ಚದರ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ನಮ್ಮ ಹೊಲಗಳನ್ನು ಇಂದಿಗೂ ಗುಂಟೆಯ ಲೆಕ್ಕದಲ್ಲೇ ಹೇಳುತ್ತೇವಲ್ಲವೆ? ಅಳತೆಗೆ ಬೇಕಾದ ಗುಮಾಸ್ತರು ಮೊದಲಿಗೆ ಬೆರಳೆಣಿಕೆಯಷ್ಟೇ ಇದ್ದರು. ಊರವರನ್ನೇ ತರಬೇತುಗೊಳಿಸಿ ಆ ದಳವನ್ನು ಬೆಳೆಸಲಾಯಿತು. ಅಳೆದಷ್ಟಕ್ಕೆ ಕೂಲಿ. ಆದರೆ ಅಳೆದವನ ಹಿಂದೆಯೇ ತನಿಖೆಗಾರನೊಬ್ಬ ಮತ್ತೆ ಅಳೆಯುತ್ತಿದ್ದ. ವ್ಯತ್ಯಾಸ ಗೊತ್ತುಪಡಿಸಿದ ಮಿತಿಯನ್ನು ಮೀರಿದರೆ ಕೆಲಸ ಹೋಗುತ್ತಿತ್ತು. ಒಂದು ತಪ್ಪು ಗುಂಟೆ ಎಂದರೆ ಒಬ್ಬ ರೈತನ ಮೇಲೆ ವರ್ಷವರ್ಷವೂ ಬೀಳುವ ಸುಳ್ಳು ತೆರಿಗೆ ಎಂಬ ಅರಿವು ಆ ನಿಷ್ಠುರತೆಯ ಹಿಂದಿತ್ತು.

ಈ ವ್ಯವಸ್ಥೆಯ ಇನ್ನೊಂದು ಮುಖ ಸಂಬಳದ್ದು. ಕಂಪನಿಯ ಕಚೇರಿಗಳಲ್ಲಿ ದೇಶೀಯ ನೌಕರರು ಲಂಚಕೋರರೆಂಬ ದೂರು ಸಾಮಾನ್ಯವಾಗಿತ್ತು. ಮನ್ರೋ ಆ ದೂರನ್ನು ಅಲ್ಲಗಳೆಯಲಿಲ್ಲ, ಅದರ ಬೇರನ್ನು ತೋರಿಸಿದರು. ಹೊಟ್ಟೆಗೆ ಸಾಲದಷ್ಟು ಕೊಟ್ಟು, ದೊಡ್ಡ ಮೊತ್ತವನ್ನು ಕೈಗಿತ್ತು, ಪ್ರಾಮಾಣಿಕತೆಯನ್ನು ನಿರೀಕ್ಷಿಸುವುದು ಅನ್ಯಾಯವೆಂದು ಅವರ ವಾದ. ಮೊದಲು ಗೌರವದಿಂದ ಬದುಕುವಷ್ಟು ಸಂಬಳ, ನಂಬಿಕೆ, ಮೇಲೇರುವ ದಾರಿ. ಆಮೇಲೆ ತಪ್ಪಿದವನಿಗೆ ಶಿಕ್ಷೆ. 1824ರ ಡಿಸೆಂಬರ್ 31ರ ಪ್ರಸಿದ್ಧ ಟಿಪ್ಪಣಿಯಲ್ಲೂ ಈ ವಿಚಾರವನ್ನೇ ವಿಸ್ತರಿಸಿ, ಭಾರತೀಯರನ್ನು ಉನ್ನತ ಹುದ್ದೆಗಳಿಂದ ದೂರವಿಡುವುದು ಅವರ ಶೀಲವನ್ನೇ ಕುಗ್ಗಿಸುತ್ತದೆಂದು ಬರೆದರು. ಕರುಣೆಯೆಂದರೆ ತನಿಖೆಯನ್ನು ಬಿಡುವುದೆಂದು ಅವರು ತಿಳಿಯಲಿಲ್ಲ. ಕೊಯಮತ್ತೂರಿನ ಖಜಾನೆಯಲ್ಲಿ ನಡೆದ ಭಾರಿ ವಂಚನೆಯನ್ನು ಜಾನ್ ಸಲಿವನ್ ಅವರೊಡನೆ ವಿಚಾರಿಸಿದಾಗ, ಕೆಳಗಿನವನ ಕೈಚಳಕದಷ್ಟೇ ಮೇಲಿನವನ ಅಲಕ್ಷ್ಯವನ್ನೂ ಎತ್ತಿ ಹೇಳಿದರು. ಈ ಸಲಿವನ್ನರೇ ಮುಂದೆ ಉದಕಮಂಡಲವನ್ನು ಕಟ್ಟಿದವರು.

ತಮ್ಮ ತಪ್ಪಿನ ಲೆಕ್ಕವನ್ನು ಅವರು ಎಷ್ಟು ನೇರವಾಗಿ ಒಪ್ಪಿಸಿದರು? ಏಳು ವರ್ಷಗಳಲ್ಲಿ ಸೀಮೆಯ ಕಂದಾಯ ಸುಮಾರು ಒಂದೂವರೆ ಪಟ್ಟಾಯಿತು. ಕಂಪನಿಗೆ ಅದು ಸಂತೋಷದ ಸಂಗತಿ. ಬಾಕಿದಾರನ ಕೊರತೆಯನ್ನು ನೆರೆಯ ರೈತರಿಂದ ಶೇಕಡ 10ರವರೆಗೆ ತುಂಬಿಸಿಕೊಳ್ಳುವ ನಿಯಮವೂ ಇತ್ತು. ಇದು ಹೊಣೆಗಾರಿಕೆಯ ಹೆಸರಿನ ದಬ್ಬಾಳಿಕೆಯೆಂದೇ ನಮ್ಮ ಅಭಿಪ್ರಾಯ. ಆದರೆ 1807ರಲ್ಲಿ ರಜೆಯ ಮೇಲೆ ಸ್ವದೇಶಕ್ಕೆ ಹೊರಡುವ ಮುನ್ನ ಮನ್ರೋ ತಾವೇ ಗೊತ್ತುಪಡಿಸಿದ ದರಗಳು ಹೆಚ್ಚಾದವೆಂದು ಒಪ್ಪಿ, ಎಲ್ಲ ಭೂಮಿಗೂ ಶೇಕಡ 25, ಬಾವಿ ಮತ್ತು ಬಾಗಾಯ್ತು ಭೂಮಿಗೆ ಇನ್ನೂ 8ರಷ್ಟು ಇಳಿಸಬೇಕೆಂದು ಶಿಫಾರಸು ಮಾಡಿದರು. ಸರಕಾರ ಕಿವಿಗೊಡಲಿಲ್ಲ, ಊರುಗಳನ್ನೇ ಗುತ್ತಿಗೆಗೆ ಕೊಟ್ಟಿತು. ಆ ಮಾತು ಕಾರ್ಯರೂಪಕ್ಕೆ ಬರಲು ಅವರೇ 1820ರಲ್ಲಿ ಮದ್ರಾಸಿನ ಗವರ್ನರರಾಗಿ ಮರಳಬೇಕಾಯಿತು. ನಡುವೆ 1818ರ ಮೇ ತಿಂಗಳಲ್ಲಿ ಸೊಲ್ಲಾಪುರವನ್ನು ಗೆದ್ದದ್ದು ಯುದ್ಧದ ಕಥೆ, ಇಲ್ಲಿ ಅದು ಬೇಡ.

ಶಾಲೆಯ ಮಕ್ಕಳ ಮನೆಗಳಿಗೆ ತಿಳಿಸಬೇಕಾದದ್ದು ಬೇರೊಂದಿದೆ. 1822ರಲ್ಲಿ ಗವರ್ನರ್ ಮನ್ರೋ ಪ್ರತಿ ಜಿಲ್ಲೆಯ ಊರ ಶಾಲೆಗಳ ಲೆಕ್ಕ ಕೇಳಿದರು. ಅಧೀನದಲ್ಲಿ 12,498 ಶಾಲೆಗಳೂ 1,88,650 ವಿದ್ಯಾರ್ಥಿಗಳೂ ಇರುವುದು ಕಂಡುಬಂತು. ಬಳ್ಳಾರಿ ಜಿಲ್ಲೆಯ ವರದಿಯಲ್ಲಿ ಕನ್ನಡ ಶಾಲೆಗಳ ಸ್ಥಿತಿಯೂ ದಾಖಲಾಯಿತು. ಕಲಿಕೆ ಕುಂದಿರುವುದಕ್ಕೆ ಅವರು ಉಪಾಧ್ಯಾಯರನ್ನು ಬೈಯಲಿಲ್ಲ. ಅವರ ಬಡತನವನ್ನು ಕಾರಣವಾಗಿ ಕಂಡರು. 1826ರಲ್ಲಿ ತಹಸೀಲು ಶಾಲೆಯ ಉಪಾಧ್ಯಾಯರಿಗೆ ತಿಂಗಳಿಗೆ 9 ರೂಪಾಯಿ, ಜಿಲ್ಲಾ ಶಾಲೆಯವರಿಗೆ 15 ರೂಪಾಯಿ ವೇತನ ಸೂಚಿಸಿ, ಶಿಕ್ಷಕರ ತರಬೇತಿಗೂ ಯೋಜನೆ ಹಾಕಿದರು. ಅವರ ಮರಣಾನಂತರ ಆ ಯೋಜನೆ ಸೊರಗಿ, ಹತ್ತು ವರ್ಷದೊಳಗೆ ತಹಸೀಲು ಶಾಲೆಗಳು ಮುಚ್ಚಿದವು.

1827ರಲ್ಲಿ ಹುದ್ದೆ ಬಿಡುವ ಮುನ್ನ ತಮ್ಮ ಹಳೆಯ ಸೀಮೆಯನ್ನು ಇನ್ನೊಮ್ಮೆ ನೋಡಬೇಕೆಂದು ಹೊರಟರು. ಪಾಳೆಯದಲ್ಲಿ ಕಾಲರಾ ಹರಡಿತು. ಜುಲೈ 6ರಂದು ಗುತ್ತಿಯ ಬಳಿಯ ಪತ್ತಿಕೊಂಡದಲ್ಲಿ ಅವರಿಗೂ ಅದು ತಗಲಿತು. ಸೋಂಕಿನ ಗುಡಾರದಲ್ಲಿ ತಮಗಾಗಿ ಯಾರೂ ನಿಲ್ಲಬಾರದೆಂದು ಸುತ್ತಲಿದ್ದವರನ್ನು ಹೊರಗೆ ಕಳಿಸಲು ನೋಡಿದರು, ಅವರು ಕದಲಲಿಲ್ಲ. ಅಂದೇ ರಾತ್ರಿ ತೀರಿಕೊಂಡರು. ಪತ್ತಿಕೊಂಡದಲ್ಲಿ ಅವರ ನೆನಪಿಗೆಂದು ಮರಗಳ ತೋಪು ಬೆಳೆಸಿ, ಮೆಟ್ಟಿಲ ಬಾವಿಯೊಂದನ್ನು ಕಟ್ಟಿಸಿದರು.