ತಿರುಳ್ಗನ್ನಡದ ತಿರುಕ ಉತ್ತಂಗಿ ಚನ್ನಪ್ಪ: ಚರ್ಚ್ ಆಸರೆಯಲ್ಲಿ ಓದಿ ಸರ್ವಜ್ಞನನ್ನು ಹುಡುಕಿಕೊಟ್ಟ ಪಾದ್ರಿ

ಹೂವಿನಹಡಗಲಿ: ಉತ್ತಂಗಿ ಅಂದ್ರೆ ನಮ್ಮ ಕಡೆ ಜನಕ್ಕೆ ಹಡಗಲಿ ತಾಲೂಕಿನ ಒಂದು ಊರು. ಕನ್ನಡ ಸಾಹಿತ್ಯ ಓದಿದವರಿಗೆ ಮಾತ್ರ ಅದು ಒಬ್ಬ ಮನುಷ್ಯನ ಹೆಸರು. ರೆವರೆಂಡ್ ಉತ್ತಂಗಿ ಚನ್ನಪ್ಪ. ವೃತ್ತಿಯಲ್ಲಿ ಚರ್ಚಿನ ಪಾದ್ರಿ. ಆದ್ರೆ ಇವತ್ತು ಅಂಗಡಿ ಗಲ್ಲಾದ ಮೇಲೆ, ಶಾಲೆ ಗೋಡೆ ಮೇಲೆ, ಕ್ಯಾಲೆಂಡರ್ ಹಾಳೆ ಮೇಲೆ ಕಾಣುವ ಸರ್ವಜ್ಞನ ತ್ರಿಪದಿಗಳು ಒಂದು ದೊಡ್ಡ ಪುಸ್ತಕವಾಗಿ ಕನ್ನಡಿಗರ ಕೈಗೆ ಬಂದಿದ್ದರಲ್ಲಿ ಈ ಪಾದ್ರಿಯ ಪಾಲು ಬಹಳ ದೊಡ್ಡದು. ಅವರಿಗೆ ಓದು ಕೊಟ್ಟಿದ್ದು ಮಿಷನ್ ಶಾಲೆ. ಆ ಓದು ವಾಪಸ್ ಬಂದಿದ್ದು ಮಾತ್ರ ಎಲ್ಲರ ಮನೆಗೆ.

ಊರು ಬಿಟ್ಟರೂ ಹೆಸರು ಬಿಡಲಿಲ್ಲ

ಚನ್ನಪ್ಪ ಹುಟ್ಟಿದ್ದು 1881ರ ಅಕ್ಟೋಬರ್ 28ರಂದು, ಧಾರವಾಡದಲ್ಲಿ. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಹಿರೀಕರು ಹಡಗಲಿ ತಾಲೂಕಿನ ಉತ್ತಂಗಿಯವರು. ಮೂಲದಲ್ಲಿ ಲಿಂಗಾಯತ ಮನೆತನ, ಆಮೇಲೆ ಕ್ರೈಸ್ತ ಧರ್ಮಕ್ಕೆ ಬಂತು. ಆಗ ಹಡಗಲಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಧಾರವಾಡ ಬೊಂಬಾಯಿ ಪ್ರಾಂತ್ಯದಲ್ಲಿತ್ತು. ನಡುವೆ ತುಂಗಭದ್ರೆ. ಹೊಳೆ ದಾಟಿದ್ರೆ ಸರ್ಕಾರವೇ ಬೇರೆ ಅನ್ನೋ ಕಾಲ ಅದು. ಹೊಳೆ ದಾಟಿ ಹೋದ ಮನೆತನ ಊರಿನ ಹೆಸರನ್ನು ಮಾತ್ರ ಅಡ್ಡಹೆಸರಾಗಿ ಜೊತೆಗೆ ಒಯ್ದಿತು.

ಹೆಸರುಗಳನ್ನೇ ನೋಡಿ. ಅಪ್ಪನ ಹೆಸರು ಬೈಬಲ್‌ನದು, ಅದರ ಕೊನೆಗೆ ನಮ್ಮ ಅಪ್ಪ ಅನ್ನೋದು ಸೇರಿಕೊಂಡಿದೆ. ಅವ್ವನ ಹೆಸರು ಈ ನೆಲದ್ದೇ. ಮಗನ ಹೆಸರು ಚನ್ನಪ್ಪ. ಧರ್ಮ ಬದಲಾದರೂ ನೆಲದ ನಂಟು ಕಡಿದುಕೊಳ್ಳದ ಮನೆ ಅದು. ಚನ್ನಪ್ಪನವರ ಮುಂದಿನ ಬದುಕಿನ ಗುಟ್ಟು ಇಲ್ಲೇ ಇದೆ.

ಮಿಷನ್ ಶಾಲೆಯ ಬಾಗಿಲು

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಹೆಸರಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಹೋದಲ್ಲೆಲ್ಲ ಮೊದಲು ಮಾಡ್ತಿದ್ದ ಕೆಲಸ ಶಾಲೆ ತೆಗೆಯೋದು. ಅವರ ಉದ್ದೇಶ ಧರ್ಮಪ್ರಚಾರ, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಪ್ರತಿಯೊಬ್ಬನೂ ಬೈಬಲ್ಲನ್ನು ತಾನೇ ಓದಬೇಕು ಅನ್ನೋದು ಅವರ ಪಂಗಡದ ನಂಬಿಕೆ. ತಾನೇ ಓದಬೇಕಂದ್ರೆ ಅಕ್ಷರ ಬೇಕು. ಅಕ್ಷರ ಬೇಕಂದ್ರೆ ಅವನ ತಾಯಿನುಡಿಯಲ್ಲೇ ಪುಸ್ತಕ ಬೇಕು. ಹಾಗಾಗಿ ಶಾಲೆಯ ಬೆನ್ನಿಗೇ ಅಚ್ಚುಕೂಟ ಬಂತು, ಕನ್ನಡ ಪಠ್ಯಪುಸ್ತಕ ಬಂತು, 1894ರಲ್ಲಿ ಕಿಟೆಲ್ ಅವರ ದೊಡ್ಡ ಕನ್ನಡ ನಿಘಂಟೂ ಬಂತು. ಆ ನಿಘಂಟು ಅಚ್ಚಾದ ವರ್ಷ ಚನ್ನಪ್ಪ ಹದಿಮೂರರ ಆಸುಪಾಸಿನ ಹುಡುಗ.

ಆ ಕಾಲದಲ್ಲಿ ಹಳ್ಳಿಗಳಲ್ಲಿ ಓದು ಅಂದ್ರೆ ಗಾವಟಿ ಶಾಲೆ, ಮಠ, ಇಲ್ಲಾ ಮನೆಯಲ್ಲೇ ಅಯ್ಯನವರ ಪಾಠ. ಅದಕ್ಕೂ ಜಾತಿ, ದುಡ್ಡು ಎರಡೂ ಅಡ್ಡ ಬರ್ತಿದ್ದವು. ಧರ್ಮ ಬದಲಿಸಿದ ಮನೆಗಳಿಗಂತೂ ಹಳೆ ನಂಟರ ಆಸರೆಯೂ ತಪ್ಪಿ, ಕುಲಕಸುಬೂ ತಪ್ಪುತ್ತಿತ್ತು. ಅಂಥ ಮನೆ ಮಕ್ಕಳಿಗೆ ಮಿಷನ್ ಶಾಲೆ, ಬೋರ್ಡಿಂಗ್‌ಗಳು ಊಟ, ಬಟ್ಟೆ, ಪಾಠ ಮೂರನ್ನೂ ಕೊಟ್ಟವು. ಬೇರೆ ಜಾತಿ, ಧರ್ಮದ ಮಕ್ಕಳೂ ಅದೇ ಶಾಲೆಗಳಲ್ಲಿ ಕೂತು ಓದಿದರು. ಚನ್ನಪ್ಪನವರು ಬೆಳೆದಿದ್ದು ಇಂಥ ಶಾಲೆಗಳಲ್ಲೇ.

ಭಾನುವಾರದ ಪಾಠ ಹುಟ್ಟಿದ್ದು ಹೀಗೆ

ಶಾಲೆ ಹೊತ್ತಿನ ಆಚೆ ಚರ್ಚಿನವರು ಮಕ್ಕಳಿಗೆ ಪಾಠ ಹೇಳೋ ಪದ್ಧತಿ ಅದಕ್ಕೂ ನೂರು ವರ್ಷ ಹಿಂದಿನದು. ಇಂಗ್ಲೆಂಡಿನ ಗ್ಲೌಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೈಕ್ಸ್ ಅನ್ನೋ ಪತ್ರಿಕೆ ಮಾಲೀಕ 1780ರಲ್ಲಿ ಅದನ್ನು ಶುರು ಮಾಡಿದ. ಅಲ್ಲಿನ ಗುಂಡುಸೂಜಿ ಕಾರ್ಖಾನೆಗಳಲ್ಲಿ ಸಣ್ಣ ಮಕ್ಕಳು ವಾರದ ಆರು ದಿನ ದುಡಿಯುತ್ತಿದ್ದವು. ಬಿಡುವು ಭಾನುವಾರ ಒಂದೇ. ಆ ದಿನ ಬೀದಿ ಸುತ್ತೋ ಮಕ್ಕಳನ್ನು ಕೂರಿಸಿ ಓದು ಕಲಿಸಲು ರೈಕ್ಸ್ ಓಣಿಯ ಹೆಂಗಸರನ್ನು ನೇಮಿಸಿದ. ಭಾನುವಾರಕ್ಕೆ ಒಂದು ಶಿಲಿಂಗ್ ಕೂಲಿ. ಮಕ್ಕಳಿಗೆ ಇದ್ದ ನಿಯಮ ಇಷ್ಟೇ: ಕೈ ಮುಖ ತೊಳೆದು, ತಲೆ ಬಾಚಿಕೊಂಡು ಬರಬೇಕು. ಹೊಸ ಬಟ್ಟೆ ಇಲ್ಲ ಅಂತ ಯಾರನ್ನೂ ವಾಪಸ್ ಕಳಿಸ್ತಿರಲಿಲ್ಲ.

ಈ ಭಾನುವಾರದ ಶಾಲೆ ಮುಂದೆ ಮಿಷನರಿಗಳ ಜೊತೆ ನಮ್ಮ ನಾಡಿಗೂ ಬಂತು. ಸಭಾಪಾಲಕ ಅಂದ್ರೆ ಬರೀ ಪ್ರಾರ್ಥನೆ ನಡೆಸೋನು ಅನ್ನೋ ಹಾಗಿರಲಿಲ್ಲ. ಮಕ್ಕಳಿಗೆ ಪಾಠ, ದೊಡ್ಡವರಿಗೆ ಕಾಗದ ಓದಿ ಹೇಳೋದು, ಬರೆದು ಕೊಡೋದು, ಎಲ್ಲ ಅವನ ತಲೆ ಮೇಲೇ ಇರ್ತಿತ್ತು. ಚನ್ನಪ್ಪನವರು ಹೊಕ್ಕಿದ್ದು ಈ ಪರಂಪರೆಯನ್ನು.

ಶಾಲೆ ಮುಗಿದ ಮೇಲಿನ ಓದು

ಶಾಲೆ ಓದು ಮುಗಿಸಿ ಚನ್ನಪ್ಪ ಮಂಗಳೂರಿನ ಬಾಸೆಲ್ ಮಿಷನ್ ದೇವಜ್ಞಾನ ಶಾಲೆ ಸೇರಿದರು. ಅಲ್ಲಿಂದ ಬಂದು ಉತ್ತರ ಕರ್ನಾಟಕದ ಊರುಗಳಲ್ಲಿ ಪಾದ್ರಿ ಕೆಲಸ ಮಾಡಿದರು. ಅಷ್ಟರಲ್ಲಿ 1914ರಲ್ಲಿ ಮೊದಲ ಮಹಾಯುದ್ಧ ಬಂತು. ಬಾಸೆಲ್ ಮಿಷನ್‌ನಲ್ಲಿ ಜರ್ಮನ್ನರೇ ಹೆಚ್ಚು. ಬ್ರಿಟಿಷ್ ಸರ್ಕಾರ ಅವರನ್ನು ಸೆರೆಯಲ್ಲಿಟ್ಟು, ಆಮೇಲೆ ದೇಶದಿಂದಲೇ ಕಳಿಸಿತು. ಮಿಷನ್ನಿನ ಹೆಂಚಿನ, ನೇಯ್ಗೆಯ ಕಾರ್ಖಾನೆಗಳೂ ಕೈ ಬಿಟ್ಟವು. ಸಭೆಗಳ ಭಾರ ಇಲ್ಲಿನ ಪಾದ್ರಿಗಳ ಹೆಗಲಿಗೆ ಬಿತ್ತು.

ಅಂಥ ಹೊತ್ತಲ್ಲೂ ಚನ್ನಪ್ಪನವರ ಮನಸ್ಸು ಇನ್ನೊಂದು ಕಡೆ ಎಳೀತಿತ್ತು. ಮಿಷನರಿಗಳ ಕನ್ನಡವನ್ನು ಪಾದ್ರಿ ಕನ್ನಡ ಅಂತ ಜನ ಆಡಿಕೊಳ್ತಿದ್ದ ಕಾಲ. ಕ್ರೈಸ್ತ ಆದವನಿಗೂ ಈ ನಾಡಿನ ಮಾತು, ವಿಚಾರ, ವಚನಗಳ ಮೇಲೆ ಪೂರ್ತಿ ಹಕ್ಕಿದೆ ಅಂತ ಅವರು ವಾದ ಮಾಡಿ ತೋರಿಸಲಿಲ್ಲ, ಕೆಲಸ ಮಾಡಿ ತೋರಿಸಿದರು. ಅದಕ್ಕೆ ಹಿಡಿದ ದಾರಿ ಸರ್ವಜ್ಞ.

ಸರ್ವಜ್ಞನ ಊರು ಅಂತ ಹೇಳೋ ಅಬಲೂರು, ಮಾಸೂರುಗಳು ನಮಗೇನು ದೂರದವಲ್ಲ. ಹರಪನಹಳ್ಳಿ, ಹಡಗಲಿ ಕಡೆಯಿಂದ ಹೊಳೆ ದಾಟಿದ್ರೆ ಹಾವೇರಿ ಸೀಮೆ. ಸರ್ವಜ್ಞನ ವಚನ ಬಾಯಿಗೆ ಬರದ ಮುದುಕರು ಆಗ ಇರಲಿಲ್ಲ. ಆದ್ರೆ ಅವೆಲ್ಲ ಚೆಲ್ಲಾಪಿಲ್ಲಿ. ಒಂದು ಊರಿನ ಪಾಠ ಇನ್ನೊಂದು ಊರಿನಲ್ಲಿ ಇಲ್ಲ. ತಾಳೆಗರಿ ಕಟ್ಟು ಒಬ್ಬರ ಅಟ್ಟದಲ್ಲಿ, ಕೈಬರಹದ ಪುಸ್ತಕ ಇನ್ನೊಬ್ಬರ ಪೆಟ್ಟಿಗೆಯಲ್ಲಿ. ಯಾರೋ ಕಟ್ಟಿದ ಪದಕ್ಕೂ ಸರ್ವಜ್ಞ ಅಂತ ಕೊನೆಗೆ ಸೇರಿಸಿ ಹಾಡುವವರೂ ಇದ್ದರು.

ಪಾದ್ರಿಯೊಬ್ಬರು ಮನೆ ಬಾಗಿಲಿಗೆ ಬಂದು ತಾಳೆಗರಿ ಕೇಳಿದ್ರೆ ಯಾರು ತಾನೇ ತಟ್ಟನೆ ತೆಗೆದುಕೊಟ್ಟಾರು? ಆದರೂ ಸಭೆಯ ಕೆಲಸದ ಬಿಡುವಿನಲ್ಲಿ ವರ್ಷಗಟ್ಟಲೆ ಹಸ್ತಪ್ರತಿ ಕೂಡಿಸಿದರು. ಪಾಠ ಪಾಠಕ್ಕೆ ಹೋಲಿಸಿ, ಸಾಚಾ ಯಾವುದು ಸೇರ್ಪಡೆ ಯಾವುದು ಅಂತ ತೂಗಿ ನೋಡಿ, ವಿಷಯವಾರು ಜೋಡಿಸಿದರು. ಸುಮಾರು ಎರಡು ಸಾವಿರ ವಚನಗಳ ಆ ಪುಸ್ತಕ 1924ರಲ್ಲಿ ಹೊರಗೆ ಬಂತು. ಸರ್ವಜ್ಞನ ಮೇಲೆ ಆಮೇಲೆ ಕೆಲಸ ಮಾಡಿದವರಿಗೆಲ್ಲ ಈ ಪುಸ್ತಕ ಬುನಾದಿ ಆಯ್ತು. ಶಾಲೆಯಲ್ಲಿ ಕಲಿತಿದ್ದು ಅಕ್ಷರ. ಆ ಅಕ್ಷರ ಹಿಡಿದು ಊರೂರಿನ ಹಳೆ ಕಟ್ಟುಗಳಿಂದ ಕಲಿತಿದ್ದು ಎರಡನೇ ಓದು.

ವಚನಗಳ ಕಡೆಗೆ

ಸರ್ವಜ್ಞನಲ್ಲಿಗೆ ಅವರು ನಿಲ್ಲಲಿಲ್ಲ. ಬಿಜಾಪುರದಲ್ಲಿ ಫ.ಗು. ಹಳಕಟ್ಟಿಯವರು ಮನೆ ಮಾರಿಕೊಂಡು ವಚನ ಸಾಹಿತ್ಯ ಅಚ್ಚು ಹಾಕಿಸ್ತಿದ್ದ ಕಾಲ ಅದು. ಚನ್ನಪ್ಪನವರೂ ಶರಣರ ವಚನಗಳ ಸಂಪಾದನೆಗೆ ಇಳಿದರು. ಕಟ್ಟಿಗೆ ಮಾರಿ ಬದುಕಿದ ಮೋಳಿಗೆ ಮಾರಯ್ಯ, ಆತನ ಹೆಂಡತಿ ಮಹಾದೇವಿ. ಸೊನ್ನಲಿಗೆಯ ಸಿದ್ಧರಾಮ. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಅಂತ ಲಕ್ಷ್ಮೇಶ್ವರಕ್ಕೆ ಬಂದು ಶರಣನಾದ ಆದಯ್ಯ. ಇವರ ವಚನಗಳು ಪುಸ್ತಕವಾಗಿ ಬಂದಿದ್ದರ ಹಿಂದೆ ಉತ್ತಂಗಿ ಅವರ ಶ್ರಮ ಇದೆ. ಸಿದ್ಧರಾಮ ಸಾಹಿತ್ಯ ಸಂಗ್ರಹ ಬಂದಿದ್ದು 1955ರಲ್ಲಿ, ಅವರ ಎಪ್ಪತ್ತು ದಾಟಿದ ವಯಸ್ಸಲ್ಲಿ.

ಅನುಭವ ಮಂಟಪ ನಿಜವಾಗಿ ಇತ್ತಾ, ಇಲ್ಲಾ ಕವಿಗಳ ಕಲ್ಪನೆಯಾ ಅನ್ನೋ ಜಗಳ ವಿದ್ವಾಂಸರಲ್ಲಿ ಎದ್ದಾಗ, ಇತ್ತು ಅಂತ ಆಧಾರ ಕೂಡಿಸಿ 1951ರಲ್ಲಿ ಪುಸ್ತಕ ಬರೆದವರು ಇದೇ ಪಾದ್ರಿ. ಬಸವಣ್ಣನವರ ಪರವಾಗಿ ಒಬ್ಬ ಕ್ರೈಸ್ತ ಸಭಾಪಾಲಕ ನಿಂತಿದ್ದು ಅವತ್ತಿಗೂ ಸಣ್ಣ ಸಂಗತಿ ಅಲ್ಲ, ಇವತ್ತಿಗೂ ಅಲ್ಲ. ಅದಕ್ಕಾಗಿ ತಮ್ಮ ಧರ್ಮವನ್ನೇನೂ ಅವರು ಬಿಡಲಿಲ್ಲ. ಏಸುವಿನ ಸಂದೇಶವನ್ನು ಈ ನಾಡಿನ ಜನಕ್ಕೆ ತಿಳಿಯೋ ಮಾತಲ್ಲಿ ಹೇಳೋ ಪುಸ್ತಕವನ್ನೂ ಬರೆದರು. ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಅಂತ ಅದರ ಹೆಸರು.

ಕಲಬುರಗಿ ಪೀಠ

1949ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ ನಡೀತು. ಅದು 32ನೇದು. ಹಿಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ತಾನೇ ನಿಜಾಮನ ಆಳ್ವಿಕೆ ಮುಗಿದಿತ್ತು. ರಜಾಕಾರರ ಹಾವಳಿಯ ನೋವು ಇನ್ನೂ ಹಸಿಯಾಗಿತ್ತು. ಅಂಥ ನೆಲದಲ್ಲಿ ಕನ್ನಡದ ಹಬ್ಬಕ್ಕೆ ಅಧ್ಯಕ್ಷರಾಗಿ ಆರಿಸಿದ್ದು ಉತ್ತಂಗಿ ಚನ್ನಪ್ಪನವರನ್ನು. ಧರ್ಮದ ಹೆಸರಲ್ಲಿ ಮನೆ ಸುಟ್ಟಿದ್ದನ್ನು ಕಂಡ ಜನ, ಧರ್ಮ ಧರ್ಮದ ನಡುವೆ ಸೇತುವೆ ಕಟ್ಟಿದವರನ್ನು ಪೀಠದ ಮೇಲೆ ಕೂರಿಸಿದರು. ತಿರುಳ್ಗನ್ನಡದ ತಿರುಕ ಅಂತ ಅವರು ನಾಡಿಗೆಲ್ಲ ಹೆಸರಾದರು. ತಿರುಕ ಅಂದ್ರೆ ಬೇಡಿ ತಿನ್ನುವವನು. ಮನೆಮನೆಯಲ್ಲಿ ಕೈಯೊಡ್ಡಿ ತಾಳೆಗರಿ ಬೇಡಿದವರಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗೋದು ಕಷ್ಟ.

1953ರಲ್ಲಿ ಬಳ್ಳಾರಿ ಜಿಲ್ಲೆಯ ಕನ್ನಡ ತಾಲೂಕುಗಳು ಮೈಸೂರಿಗೆ ಸೇರಿದವು. 1956ರ ನವೆಂಬರ್ 1ರಂದು ಧಾರವಾಡ, ಕಲಬುರಗಿ ಎಲ್ಲ ಒಂದೇ ರಾಜ್ಯ ಆಯ್ತು. ಹಿರೀಕರ ಊರು, ತಾವು ಹುಟ್ಟಿದ ಊರು ಒಂದೇ ಸರ್ಕಾರದ ಕೆಳಗೆ ಬಂದಿದ್ದನ್ನು ಅವರು ಕಣ್ಣಾರೆ ಕಂಡರು. 1962ರ ಆಗಸ್ಟ್ 28ರಂದು ತೀರಿಕೊಂಡರು.

ಇವತ್ತಿನ ಸಂಜೆ ಪಾಠಕ್ಕೆ

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆ ಮಳೆ ಕೈಕೊಟ್ಟ ವರ್ಷ ಮನೆಗೆ ಮನೆಯೇ ಗುಳೆ ಹೋಗುತ್ತೆ. ಕಾಫಿ ತೋಟ, ಕಬ್ಬಿನ ಗದ್ದೆ, ಬೆಂಗಳೂರಿನ ಕಟ್ಟಡ. ಹಿಂದೆ ಉಳಿದ ಮಕ್ಕಳು ಅಜ್ಜಿ ಹತ್ರ. ಶಾಲೆ ಬಿಟ್ಟ ಮೇಲೆ ಹೋಮ್‌ವರ್ಕ್ ಹೇಳಿಕೊಡೋಕೆ ಅಜ್ಜಿಗೆ ಓದು ಬರಲ್ಲ, ಟ್ಯೂಷನ್ ಫೀಸಿಗೆ ದುಡ್ಡಿಲ್ಲ. ಅಂಥ ಮಗು ಕಲಿಕೆಯಲ್ಲಿ ಹಿಂದೆ ಬೀಳೋದು ತರಗತಿಯಲ್ಲಲ್ಲ, ಸಂಜೆ ಐದರಿಂದ ರಾತ್ರಿ ಎಂಟರ ನಡುವೆ. ಆ ಮೂರು ತಾಸಿಗೆ ಚರ್ಚಿನ ಹಾಲ್ ಇರಲಿ, ಮಠದ ಪಡಸಾಲೆ ಇರಲಿ, ಮಸೀದಿ ಮಗ್ಗುಲ ಕೋಣೆ ಇರಲಿ, ಒಂದು ಲೈಟು, ಒಂದು ಚಾಪೆ, ಓದು ಬಲ್ಲ ಒಬ್ಬರು ಸಿಕ್ಕರೆ ಸಾಕು.

ಸಂಜೆ ಹೊತ್ತು ಅಂಗಡಿಗೆ ಕೆಲಸಕ್ಕೆ ಬರೋ ಹುಡುಗನನ್ನು ಒಂದು ತಾಸು ಮೊದಲೇ ಪಾಠಕ್ಕೆ ಬಿಟ್ಟರೆ ಅಂಗಡಿ ಮುಳುಗಲ್ಲ. ಕಲಿಸಿದವರಿಗೆ, ಬಿಟ್ಟುಕೊಟ್ಟವರಿಗೆ ಅದರ ಲಾಭ ತಕ್ಷಣ ಕಾಣಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲೂ ಪೂರ್ತಿ ಕಾಣಲ್ಲ. ಉತ್ತಂಗಿ ಹೆಸರಿನ ಮನೆತನದ ಹುಡುಗನಿಗೆ ಅಕ್ಷರ ಕಲಿಸಿದವರು ಅವನು ಒಳ್ಳೇ ಪಾದ್ರಿ ಆಗಲಿ ಅಂತ ಕಲಿಸಿದರು. ಅವನು ಒಳ್ಳೇ ಪಾದ್ರಿಯೂ ಆದ, ಎಲ್ಲ ಜಾತಿ ಧರ್ಮದವರಿಗೂ ಸರ್ವಜ್ಞನನ್ನೂ ಕೊಟ್ಟ.